ಚೆಂಡು ಹೊರಗೆ ಹಾರುತ್ತಿದೆಯೋ, ನೆಟ್ಟಿಗೆ ಬೀಳುತ್ತಿದೆಯೋ? ರಬ್ಬರಿನ ದಪ್ಪ ಮತ್ತು ಬ್ಲೇಡಿನ ವೇಗದ ತಕರಾರು ಹುಡುಕುವ ಬಗೆ

ದೂರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುತ್ತದೆ. "ಹೊಸಾ ಬ್ಯಾಟ್ ತಂದೀವ್ರಿ, ಚೆಂಡು ಟೇಬಲ್ ಮ್ಯಾಲ ಕೂಡವಲ್ದು." ಕಲಬುರಗಿಯಲ್ಲಿ ಟೇಬಲ್ ಟೆನಿಸ್ ಆಡುವವರಿಗೆ ಬ್ಯಾಟಿಗೆ ರಬ್ಬರ್ ಅಂಟಿಸಿಕೊಡುವುದು ನನ್ನ ಸಂಜೆಯ ಹವ್ಯಾಸ. ದುಡ್ಡು ತೆಗೆದುಕೊಳ್ಳುವುದಿಲ್ಲ, ಬೈಯುವ ಹಕ್ಕನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಬಂದವರಲ್ಲಿ ಅರ್ಧ ಜನ ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ, ಉಳಿದರ್ಧ ಇನ್ನೂ ದುಬಾರಿ ರಬ್ಬರ್ ಯಾವುದು ಅಂತ ಕೇಳುತ್ತಾರೆ. ಬ್ಲೇಡ್ (ಬ್ಯಾಟಿನ ಮರದ ಹಲಗೆ) ಒಳ್ಳೆಯದು, ಅದರ ಮೇಲೆ ಅಂಟಿಸುವ ರಬ್ಬರೂ ಒಳ್ಳೆಯದು, ಎರಡರ ಜೋಡಿ ಮಾತ್ರ ಕೂಡಿಬಂದಿಲ್ಲ ಅನ್ನುವುದು ಹೊಳೆಯುವುದು ಅಪರೂಪ.

ನಾನು ಮೊದಲು ಕೇಳುವುದು ಇದೊಂದೇ: ತಪ್ಪಾಗುವುದು ಮೆಲ್ಲಗೆ ಮುಟ್ಟಿದಾಗಲೋ, ಜೋರಾಗಿ ಹೊಡೆದಾಗಲೋ?

ಕಾರಣ ಸರಳ. ಮೆಲ್ಲಗೆ ಮುಟ್ಟಿದಾಗ ಚೆಂಡು ರಬ್ಬರ್ ಹಾಳೆಯ ಕೆಳಗಿನ ಸ್ಪಾಂಜಿನೊಳಗೆ ಸ್ವಲ್ಪ ಇಳಿದು ಹಾಗೇ ಚಿಮ್ಮಿ ಬರುತ್ತದೆ, ಮರದವರೆಗೆ ಹೋಗುವುದೇ ಇಲ್ಲ. ಅಲ್ಲಿ ಸ್ಪಾಂಜಿನದೇ ಕಾರುಬಾರು. ಜೋರಾಗಿ ಹೊಡೆದಾಗ ಸ್ಪಾಂಜ್ ಪೂರ್ತಿ ಅಮುಕಿ ಚೆಂಡಿನ ಪೆಟ್ಟು ಮರಕ್ಕೆ ತಲುಪುತ್ತದೆ, ಆಗ ಬ್ಲೇಡಿನ ಬಿಗುವು ಮಾತಾಡುತ್ತದೆ. ಪುಶ್ (ಮೆಲ್ಲಗೆ ಅಡಿಯಿಂದ ತಳ್ಳುವುದು), ಬ್ಲಾಕ್ (ಬಂದ ಹೊಡೆತಕ್ಕೆ ಬ್ಯಾಟ್ ಅಡ್ಡ ಹಿಡಿಯುವುದು), ಸರ್ವ್ ರಿಟರ್ನ್ ಎದ್ದು ಹೊರಗೆ ಹೋಗುತ್ತಿದ್ದರೆ ಸ್ಪಾಂಜ್ ದಪ್ಪವಾಯಿತು ಅಥವಾ ಅತಿ ಚಿಮ್ಮುವ ಜಾತಿಯದು. ಪುಶ್ ಚೆನ್ನಾಗಿದ್ದು ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವಂತೆ ಉಜ್ಜಿ ಹೊಡೆಯುವುದು) ಮಾತ್ರ 'ಟಕ್' ಅಂದು ನೆಟ್ಟಿಗೆ ಬೀಳುತ್ತಿದ್ದರೆ ಆ ಬ್ಲೇಡಿಗೆ ಆ ಸ್ಪಾಂಜ್ ತೆಳು. ಎಷ್ಟು ಬಲ ಹಾಕಿದರೂ 'ದಬ್' ಅಂದು ಚೆಂಡು ಸೋತು ಹೋಗುತ್ತಿದ್ದರೆ ನಿಧಾನದ ಬ್ಲೇಡಿನ ಮೇಲೆ ಮೆತ್ತನೆಯ ದಪ್ಪ ಸ್ಪಾಂಜ್ ಕೂತಿದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಬೇರೆ ಕಾರಣ ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ.

ಬ್ಯಾಟಿಗಿಂತ ಮೊದಲು ಊರನ್ನು ಅನುಮಾನಿಸಿ

ನಮ್ಮದು ಬಿಸಿಲುನಾಡು. ಏಪ್ರಿಲ್-ಮೇನಲ್ಲಿ ಪಾರಾ 42, 43 ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಸ್ಪಾಂಜ್ ಬಿಸಿಯಾದಷ್ಟೂ ಮೆತ್ತಗಾಗಿ ಹೆಚ್ಚು ಚಿಮ್ಮುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದೇ ರಬ್ಬರ್ ಬಿರುಸು. ಹಾಗಾಗಿ ಚಳಿಗಾಲದಲ್ಲಿ ಸರಿಯಾಗಿದ್ದ 2.1 ಮಿ.ಮೀ. ಸ್ಪಾಂಜು ಮೇ ತಿಂಗಳ ನಾಲ್ಕು ಗಂಟೆಗೆ ದಪ್ಪ ಅನ್ನಿಸಿದರೆ ಆಶ್ಚರ್ಯವಿಲ್ಲ. ಬ್ಯಾಟನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಿ ಬಂದಿದ್ದರೆ ಆ ದಿನ ಪರೀಕ್ಷೆಯನ್ನೇ ಮಾಡಬೇಡಿ. ಅಂಟು ಅಂಚಿನಲ್ಲಿ ಬಿಟ್ಟಿದೆಯಾ ಅಂತ ಉಗುರಿನಿಂದ ಎತ್ತಿ ನೋಡಿ. ಗುಳ್ಳೆ ಎದ್ದ ಜಾಗದಲ್ಲಿ ಚೆಂಡು ತಗುಲಿದರೆ ಅದು ಎಲ್ಲಿ ಹೋಗುತ್ತದೆಂದು ದೇವರಿಗೂ ಗೊತ್ತಿಲ್ಲ.

ಎರಡನೆಯದು ಧೂಳು. ದಾಲ್ ಮಿಲ್ಲಿನ ಆಸುಪಾಸಿನ ಹಾಲಿನಲ್ಲಿ ಆಡುವವರ ರಬ್ಬರ್ ಮೇಲೆ ಬೆರಳಾಡಿಸಿದರೆ ಹಿಟ್ಟು ಮುಟ್ಟಿದ ಹಾಗೆ ಇರುತ್ತದೆ. ಧೂಳು ಕೂತ ರಬ್ಬರ್ ಚೆಂಡನ್ನು ಹಿಡಿಯದೆ ಜಾರಿಸುತ್ತದೆ, ಟಾಪ್‌ಸ್ಪಿನ್ ನೆಟ್ಟಿಗೆ ಬೀಳುತ್ತದೆ, ನೀವು ಸ್ಪಾಂಜ್ ತೆಳು ಅಂದುಕೊಳ್ಳುತ್ತೀರಿ. ಒದ್ದೆ ಸ್ಪಂಜಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಆಡಿ ನೋಡಿ. ಸ್ಪಿರಿಟ್ ಹಚ್ಚಬೇಡಿ. ತೊಳೆದ ಮೇಲೂ ಮಧ್ಯದ ಭಾಗ ಅಂಚಿಗಿಂತ ಹೊಳಪಾಗಿ, ಒಣಗಿದಂತೆ ಕಂಡರೆ ರಬ್ಬರಿನ ಆಯಸ್ಸೇ ಮುಗಿದಿದೆ, ಅದರ ದಪ್ಪದ ಚರ್ಚೆ ದಂಡ. ಮಳೆಗಾಲದಲ್ಲಿ ರಬ್ಬರ್ ಮೇಲೆ ತೇವ ಕೂತಾಗಲೂ ಇದೇ ಜಾರಾಟ.

ಟೇಬಲ್ಲನ್ನೂ ಬಿಡಬೇಡಿ. 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಸುಮಾರು 23 ಸೆಂ.ಮೀ. ಪುಟಿಯಬೇಕು ಎನ್ನುವುದು ನಿಯಮ. ಒಂದು ಸ್ಕೇಲ್ ಹಿಡಿದು ನಾಲ್ಕು ಮೂಲೆಯಲ್ಲಿ ಬಿಟ್ಟು ನೋಡಿ. ನೀರು ಕುಡಿದು ಉಬ್ಬಿದ ಪ್ಲೈವುಡ್ ಟೇಬಲ್ಲಿನ ಒಂದು ಮೂಲೆ ಸತ್ತಿರುತ್ತದೆ. ಚೆಂಡು ಗುಂಡಗಿದೆಯೋ ಇಲ್ಲವೋ ನೋಡಲು ನಮ್ಮೂರಲ್ಲಿ ಉಪಕರಣ ಬೇಡ, ನುಣುಪಾದ ಶಹಾಬಾದಿ ಫರಸಿಯ ಮೇಲೆ ಬುಗುರಿಯ ಹಾಗೆ ತಿರುಗಿಸಿದರೆ ಸಾಕು. ಓಲಾಡಿದರೆ ಅದನ್ನು ಮಕ್ಕಳಿಗೆ ಕೊಡಿ.

ಪ್ಯಾಕೆಟ್ಟಿನ ಮೇಲಿನ ಅಂಕಿ

1.5, 1.8, 2.0, 2.1 ಅಂತ ಬರೆದಿರುವುದು ಸ್ಪಾಂಜಿನ ದಪ್ಪ ಮಾತ್ರ. ಮೇಲಿನ ರಬ್ಬರ್ ಹಾಳೆ, ಅದರ ಒಳಬದಿಯ ಸಣ್ಣ ಮೊಗ್ಗುಗಳು (ಪಿಂಪಲ್) ಬೇರೆ. ಒಬ್ಬರು ವರ್ನಿಯರ್ ಹಿಡಿದು ಅಳೆದು, "2.0 ಅಂದು 3.7 ಕೊಟ್ಟಾರ, ಮೋಸ" ಅಂತ ನನ್ನ ಹತ್ತಿರ ಬಂದಿದ್ದರು. ಮೋಸವಿಲ್ಲ. ಹಾಳೆ, ಸ್ಪಾಂಜ್, ಅಂಟು ಎಲ್ಲ ಸೇರಿ ಒಂದು ಬದಿಗೆ 4.0 ಮಿ.ಮೀ. ಮೀರಬಾರದು ಎಂಬುದು ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಶನ್ನಿನ ನಿಯಮ. ಪ್ಯಾಕೆಟ್ಟಿನ ಮೇಲೆ 'ಮ್ಯಾಕ್ಸ್' ಎಂದಿದ್ದರೆ ಅದು ಇಂತಿಷ್ಟು ಎಂಬ ಅಂಕಿಯಲ್ಲ, ಆ ಹಾಳೆಗೆ ಈ ಮಿತಿಯೊಳಗೆ ಎಷ್ಟು ಸ್ಪಾಂಜ್ ಹಿಡಿಯುತ್ತದೋ ಅಷ್ಟು. ನಾಲ್ಕೈದು ಸಲ ಕಿತ್ತು ಅಂಟಿಸಿ, ಹಳೇ ಅಂಟಿನ ಮೇಲೆ ಹೊಸ ಅಂಟು ಬಳಿದವರ ಮ್ಯಾಕ್ಸ್ ರಬ್ಬರ್ ಟೂರ್ನಮೆಂಟಿನ ತಪಾಸಣೆಯಲ್ಲಿ ಸಿಕ್ಕಿಬೀಳುವುದುಂಟು.

ದಪ್ಪವೊಂದೇ ಕತೆ ಹೇಳುವುದಿಲ್ಲ. ಮೆತ್ತನೆಯ ಸ್ಪಾಂಜ್ ಬೇಗ ತಳ ಮುಟ್ಟುತ್ತದೆ, ಗಟ್ಟಿ ಸ್ಪಾಂಜ್ ತಡೆದು ಮುಟ್ಟುತ್ತದೆ. ಹಾಗಾಗಿ ಮೆತ್ತನೆಯ ಸ್ಪಾಂಜನ್ನು ತೆಳುವಾಗಿ ತೆಗೆದುಕೊಂಡರೆ ಜೋರು ಹೊಡೆತಕ್ಕೆ ಏನೂ ಉಳಿಯುವುದಿಲ್ಲ. ಗಡಸುತನದ ಡಿಗ್ರಿಯನ್ನು ನಂಬಿ ಒಂದು ಕಂಪನಿಯದನ್ನು ಇನ್ನೊಂದರ ಜೊತೆ ಹೋಲಿಸಲೂ ಬರುವುದಿಲ್ಲ. ಚೀನಾದ 39, ಜಪಾನಿನ 36, ಜರ್ಮನಿಯ 47 ಬೇರೆ ಬೇರೆ ಅಳತೆಗೋಲುಗಳು. ತೊಲ, ಸೇರು, ಕಿಲೋ ಇದ್ದ ಹಾಗೆ. ಇನ್ನು, ಯಾಸಾಕಾ ಮಾರ್ಕ್ ಫೈವ್‌ನಂಥ ಹಳೇ ಮಾದರಿಯ ರಬ್ಬರಿನ 2.0ಕ್ಕೂ ಈಗಿನ ಎಳೆದು ಕಟ್ಟಿದ ಸ್ಪಾಂಜಿನ 2.0ಕ್ಕೂ ಮೆಲ್ಲಗೆ ಮುಟ್ಟಿದಾಗ ಅಜಗಜಾಂತರ. 2008ರಲ್ಲಿ ಸ್ಪೀಡ್ ಗ್ಲೂ (ಸ್ಪಾಂಜನ್ನು ಉಬ್ಬಿಸಿ ಚಿಮ್ಮುವಿಕೆ ಹೆಚ್ಚಿಸುತ್ತಿದ್ದ ಅಂಟು) ನಿಷೇಧವಾದ ಮೇಲೆ ಆ ಚಿಮ್ಮುವಿಕೆಯನ್ನು ಸ್ಪಾಂಜಿನೊಳಗೇ ತುಂಬಿಸಿ ಮಾರುವುದು ಜೋರಾಯಿತು. ಕಲಿಯುವವರ ಕೈಗೆ ಅದು ಬಂದು ಬೀಳುತ್ತಿರುವುದು ನನಗೆ ಹಿಡಿಸದ ಸಂಗತಿ.

ಬ್ಲೇಡ್ ಎಷ್ಟು ಚುರುಕು?

ಆಲ್‌ರೌಂಡ್, ಆಫ್ ಮೈನಸ್, ಆಫ್, ಆಫ್ ಪ್ಲಸ್ ಎಂದು ಬ್ಲೇಡಿನ ವೇಗಕ್ಕೆ ನಿಧಾನದಿಂದ ಚುರುಕಿನ ಕಡೆಗೆ ಇಟ್ಟ ಹೆಸರುಗಳಿಗೆ ಯಾರೂ ಒಪ್ಪಿದ ಅಳತೆಯಿಲ್ಲ. ಒಂದು ಕಂಪನಿಯ ಆಫ್ ಇನ್ನೊಂದರ ಆಲ್‌ರೌಂಡ್ ಪ್ಲಸ್ ಇರಬಹುದು. ನಾನು ನೋಡುವುದು ಮೂರು: ದಪ್ಪ, ಪದರ, ದನಿ. ಐದು ಪದರದ ಮರದ ಬ್ಲೇಡು ಸಾಮಾನ್ಯವಾಗಿ ಐದೂವರೆಯಿಂದ ಆರು ಮಿ.ಮೀ. ಇರುತ್ತದೆ, ಏಳು ಪದರದ್ದು ಅದಕ್ಕಿಂತ ದಪ್ಪ, ಬಿಗಿ. ಮರದ ನಡುವೆ ಕಾರ್ಬನ್ ನಾರಿನ ಪದರ ಇದ್ದರೆ ಅದು ಹೊರಪದರದ ಕೆಳಗೇ ಇದೆಯೋ ನಡುತಿರುಳಿನ ಪಕ್ಕ ಇದೆಯೋ ಅಂತ ಅಂಚಿನಲ್ಲಿ ಕಪ್ಪು ಗೆರೆ ನೋಡಿ. ಹೊರಗಿದ್ದರೆ ಮೆಲ್ಲನೆ ಮುಟ್ಟಿದಾಗಲೂ ತನ್ನ ಇರುವಿಕೆ ತೋರಿಸುತ್ತದೆ. ಒಳಗಿದ್ದರೆ ಪುಶ್‌ನಲ್ಲಿ ಮರದ ಹಾಗೆ ಸುಮ್ಮನಿದ್ದು ಜೋರು ಹೊಡೆತದಲ್ಲಿ ಎಚ್ಚರಗೊಳ್ಳುತ್ತದೆ. ಬ್ಲೇಡಿನ ದಪ್ಪದ ಶೇ. 85ರಷ್ಟಾದರೂ ಮರವೇ ಇರಬೇಕು ಎಂಬುದು ನಿಯಮ, ಆದರೆ ಉಳಿದ ಆ ಚೂರೇ ಸಾಕಷ್ಟು ಕಿತಾಪತಿ ಮಾಡುತ್ತದೆ.

ದನಿಯ ಪರೀಕ್ಷೆ ಸುಲಭ. ರಬ್ಬರಿಲ್ಲದ ಬ್ಲೇಡಿನ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲಾಗಿ ಹಿಡಿದು ನಡುಭಾಗದಲ್ಲಿ ಚೆಂಡಿನಿಂದ ತಟ್ಟಿ. ಮಾಗಿದ ಕಲ್ಲಂಗಡಿ ತಟ್ಟಿದಂತೆ ತಗ್ಗಿದ ದನಿ ಬಂದರೆ ಬ್ಲೇಡ್ ಬಾಗುವ ಜಾತಿ, ನಿಧಾನ. ಹಿತ್ತಾಳೆ ತಂಬಿಗೆಯ ಹಾಗೆ ಏರಿದ ದನಿ ಬಂದರೆ ಬಿಗಿ, ಚುರುಕು. ಎರಡು ಬ್ಲೇಡನ್ನು ಒಂದರ ಹಿಂದೊಂದು ತಟ್ಟಿದರೆ ಯಾವುದು ಚುರುಕು ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ.

ಅರವತ್ತು ಚೆಂಡಿನ ಪರೀಕ್ಷೆ

ಒಂದು ನೋಟ್‌ಬುಕ್, ಸ್ಥಿರವಾಗಿ ಚೆಂಡು ಕೊಡುವ ಜೊತೆಗಾರ, ಕೂಲರ್ ಮತ್ತು ಫ್ಯಾನ್ ಬಂದ್. ಕೊನೆಯದಕ್ಕೆ ಎಲ್ಲರೂ ಗೊಣಗುತ್ತಾರೆ, ಆದರೆ 2.7 ಗ್ರಾಂ ಚೆಂಡು ಕೂಲರಿನ ಗಾಳಿಗೆ ಎತ್ತ ಹೋಗುತ್ತದೋ ಹೇಳಲಾಗದು. ಬೆಳಗ್ಗೆ ಆರಕ್ಕೆ ಮಾಡಿ, ಬೆವರುವುದೂ ತಪ್ಪುತ್ತದೆ.

ನೆಟ್ಟಿನ ಹತ್ತಿರ ಬೀಳುವ ಗಿಡ್ಡ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ) ಚೆಂಡಿಗೆ ಇಪ್ಪತ್ತು ಪುಶ್. ಒಂದೇ ವೇಗದ ಟಾಪ್‌ಸ್ಪಿನ್ನಿಗೆ ಇಪ್ಪತ್ತು ಬ್ಲಾಕ್, ಬ್ಯಾಟನ್ನು ಮುಂದೆ ತಳ್ಳದೆ ಸುಮ್ಮನೆ ಹಿಡಿದು. ಆಮೇಲೆ ಇಪ್ಪತ್ತು ಪೂರ್ತಿ ಬಲದ ಟಾಪ್‌ಸ್ಪಿನ್. ತಪ್ಪಿದ ಪ್ರತಿ ಚೆಂಡಿಗೂ ಹೊರಗೋ ನೆಟ್ಟೋ ಬರೆಯಿರಿ, 'ಟಕ್' ಬಂತೋ 'ದಬ್' ಬಂತೋ ಅದನ್ನೂ ಬರೆಯಿರಿ. ಬ್ಯಾಟಿನ ಎರಡು ಬದಿಯಲ್ಲಿ ಬೇರೆ ದಪ್ಪ ಇದ್ದರೆ ಬ್ಯಾಟ್ ತಿರುಗಿಸಿ ಅದೇ ಫೋರ್‌ಹ್ಯಾಂಡಿನಲ್ಲಿ ಇನ್ನೊಂದು ಬದಿಯಿಂದ ಮತ್ತೆ ಅರವತ್ತು. ಕೈ ಅದೇ, ಬ್ಲೇಡ್ ಅದೇ, ಬದಲಾದದ್ದು ರಬ್ಬರ್ ಮಾತ್ರ. ಭಾರತದ ಆಟಗಾರ್ತಿ ಮನಿಕಾ ಬಾತ್ರಾ ಪಂದ್ಯದ ನಡುವೆ ಎದುರಾಳಿಯನ್ನು ಗಲಿಬಿಲಿ ಮಾಡಲು ಬ್ಯಾಟ್ ತಿರುಗಿಸುತ್ತಾರೆ, ನಾವು ನಮ್ಮ ಗಲಿಬಿಲಿ ಬಿಡಿಸಿಕೊಳ್ಳಲು.

ಒಂಬತ್ತನೇ ಕ್ಲಾಸಿನ ಹುಡುಗಿಯ ಬ್ಯಾಟು

ಈ ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎರಡು ದೋಷ ಒಂದರೊಳಗೊಂದು ಸೇರಿದ್ದವು.

ಹುಡುಗಿ ಮೂರು ವರ್ಷ ಐದು ಪದರದ ಆಲ್‌ರೌಂಡ್ ಬ್ಲೇಡಿನಲ್ಲಿ 1.8 ಹಳೇ ಮಾದರಿಯ ರಬ್ಬರ್ ಹಾಕಿ ಆಡಿದ್ದಳು. ಜಿಲ್ಲಾ ಮಟ್ಟದಲ್ಲಿ ಗೆದ್ದಳೆಂದು ಅವಳಪ್ಪ ಹೈದರಾಬಾದಿನಿಂದ ಹೊರಪದರದ ಕಾರ್ಬನ್ ಬ್ಲೇಡು, ಎರಡೂ ಬದಿಗೆ 2.1ರ ಚಿಮ್ಮುವ ರಬ್ಬರ್ ತರಿಸಿದರು. ತಿಂಗಳಾದರೂ ಸೆಟ್ ಆಗಲಿಲ್ಲ. "ಅಂಕಲ್, ಈ ಬ್ಯಾಟ್ ನನ್ನ ಮಾತೇ ಕೇಳಂಗಿಲ್ಲ" ಅಂದಳು. ಅವಳಪ್ಪ ಏನೂ ಅನ್ನಲಿಲ್ಲ, ಬಿಲ್ಲನ್ನು ಮಾತ್ರ ಟೇಬಲ್ಲಿನ ಮೇಲಿಟ್ಟರು.

ಹೊಸ ಬ್ಯಾಟಿನಲ್ಲಿ ಇಪ್ಪತ್ತರಲ್ಲಿ ತಪ್ಪು: ಪುಶ್ 12, ಬ್ಲಾಕ್ 9, ಟಾಪ್‌ಸ್ಪಿನ್ 5. ಬಹುತೇಕ ಎಲ್ಲ ಹೊರಗೆ. ಹಳೇ ಬ್ಯಾಟಿನಲ್ಲಿ 3, 4, 3. ಇಲ್ಲಿಗೇ ನಿಲ್ಲಿಸಿದ್ದರೆ "ಹಳೇದೇ ಚಲೋ" ಅಂತ ಕಳಿಸಬಹುದಿತ್ತು. ಆದರೆ ಯಾವುದು ತಪ್ಪಿತಸ್ಥ, ಬ್ಲೇಡೋ ರಬ್ಬರೋ? ಅದನ್ನು ತಿಳಿಯಲು ಒಂದೇ ದಾರಿ, ಅದಲುಬದಲು. ಎರಡರ ರಬ್ಬರನ್ನೂ ಕಿತ್ತೆ.

ಹಳೇ ಬ್ಲೇಡಿಗೆ ಹೊಸ ರಬ್ಬರ್ ಹಾಕಿದಾಗ ಪುಶ್ 9, ಬ್ಲಾಕ್ 6, ಟಾಪ್‌ಸ್ಪಿನ್ 3. ಬ್ಲೇಡ್ ನಿಧಾನದ್ದಾದರೂ ಪುಶ್ ಇನ್ನೂ ಹಾರುತ್ತಿದೆ. ಅಂದರೆ ಮೆಲ್ಲನೆಯ ಹೊಡೆತದ ತಪ್ಪಿಗೆ ಕಾರಣ ರಬ್ಬರೇ. ಹೊಸ ಬ್ಲೇಡಿಗೆ ಹಳೇ 1.8 ಹಾಕಿದಾಗ ಪುಶ್ 4, ಬ್ಲಾಕ್ 5, ಟಾಪ್‌ಸ್ಪಿನ್ 10. ಈ ಹತ್ತರಲ್ಲಿ ಎಂಟು ನೆಟ್ಟಿಗೆ, ಪ್ರತಿಯೊಂದಕ್ಕೂ ಮರಕ್ಕೆ ಮರ ಬಡಿದ ಹಾಗೆ 'ಟಕ್'. ಆ ದನಿ ಪಕ್ಕದ ಟೇಬಲ್ಲಿನವರಿಗೂ ಕೇಳಿ ಅವರು ಆಟ ನಿಲ್ಲಿಸಿ ನೋಡಿದರು. ಹಳೇ ರಬ್ಬರ್ ಸವೆದಿತ್ತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆದರೆ ಸವೆದ ರಬ್ಬರ್ ಜಾರುತ್ತದೆ, 'ಟಕ್' ಅನ್ನುವುದಿಲ್ಲ. ಆ ಬಿಗಿ ಬ್ಲೇಡಿಗೆ 1.8 ಸಾಲದು.

ಈಗ ಚಿತ್ರ ಸ್ಪಷ್ಟ. ಕಾರ್ಬನ್ ಬ್ಲೇಡಿಗೆ ದಪ್ಪ ಹಾಕಿದರೆ ಪುಶ್ ಹಾಳು, ತೆಳು ಹಾಕಿದರೆ ಟಾಪ್‌ಸ್ಪಿನ್ ಹಾಳು. ನಡುವೆ ಜಾಗ ಇದೆ, ಆದರೆ ಬಹಳ ಇಕ್ಕಟ್ಟು. ಅಲ್ಲಿ ಆಡಲು ಪಳಗಿದ ಕೈ ಬೇಕು. ವೇಗದ ಬ್ಲೇಡಿಗೆ ತೆಳು ರಬ್ಬರ್ ಹಾಕಿದರೆ ಸರಿದೂಗುತ್ತದೆ ಎಂಬ ಮಾತು ನಮ್ಮ ಹಾಲುಗಳಲ್ಲಿ ಗಾದೆಯ ಹಾಗೆ ಓಡಾಡುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬ್ಲಾಕ್ ಮತ್ತು ಚಪ್ಪಟೆ ಹೊಡೆತವನ್ನೇ ನಂಬಿ ಆಡುವವರಿಗೆ ಅದು ಸರಿ. ಸ್ಪಿನ್ ಕಲಿಯುವ ಮಕ್ಕಳಿಗೆ ಬಾಗುವ ಬ್ಲೇಡು, ಅದರ ಮೇಲೆ ಕೊಂಚ ದಪ್ಪ ಸ್ಪಾಂಜ್, ಇದೇ ಮೇಲು. ಬ್ಲೇಡ್ ಬಾಗಿ ಚೆಂಡನ್ನು ಒಂದು ಚಣ ಹೆಚ್ಚು ಹಿಡಿದುಕೊಳ್ಳುತ್ತದೆ, ಸ್ಪಾಂಜಿಗೆ ತಳ ಸಿಗುವುದಿಲ್ಲ.

ಹುಡುಗಿಗೆ ಹಳೇ ಬ್ಲೇಡು, ಎರಡೂ ಬದಿಗೆ 2.0 ಹಳೇ ಮಾದರಿಯ ಹೊಸ ರಬ್ಬರ್. ಒಂದು ವಾರ ಆಡಿ ಬಂದ ಮೇಲೆ ಲೆಕ್ಕ 4, 4, 2. ಕಾರ್ಬನ್ ಬ್ಲೇಡ್ ಕಪಾಟಿನಲ್ಲಿದೆ. ಅವಳಪ್ಪ ತಿಂಗಳಿಗೊಮ್ಮೆ ಕೇಳುತ್ತಾರೆ, "ಇನ್ನೂ ಟೈಮ್ ಆಗಿಲ್ಲೇನ್ರಿ?"

ಉಳಿದ ಎರಡು ಬಗೆ

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರದು ತದ್ವಿರುದ್ಧ ದೂರು. ಏಳು ಪದರದ ಬಿಗಿ ಬ್ಲೇಡು, ಎರಡೂ ಬದಿ 1.5. ಬ್ಲಾಕ್ ಗೋಡೆಯಂತೆ. ಬ್ಯಾಕ್‌ಸ್ಪಿನ್ ಎತ್ತಲು ಹೋದರೆ ಮಾತ್ರ ಚೆಂಡು ನೆಟ್ಟಿನ ನಡುವಿಗೆ. ಮೊಣಕೈ ನೋಯುವಷ್ಟು ಎತ್ತಿ ಎತ್ತಿ ಹೊಡೆಯುತ್ತಿದ್ದರು. ಫೋರ್‌ಹ್ಯಾಂಡ್ ಬದಿಗೆ ಮಾತ್ರ 1.9 ಹಾಕಿದೆವು, ಬ್ಯಾಕ್‌ಹ್ಯಾಂಡ್ ಮುಟ್ಟಲಿಲ್ಲ, ಯಾಕೆಂದರೆ ಅಲ್ಲಿ ಅವರಿಗೆ ತಕರಾರೇ ಇರಲಿಲ್ಲ. ಎರಡೂ ಬದಿ ಒಂದೇ ದಪ್ಪ ಇರಬೇಕೆಂದು ಯಾರೂ ಹೇಳಿಲ್ಲ.

ಇನ್ನೊಂದು ನನ್ನದೇ ಮೂರ್ಖತನ. ನಿಧಾನದ ಬ್ಲೇಡಿಗೆ ವೇಗ ತುಂಬುತ್ತೇನೆಂದು ಎರಡೂ ಬದಿಗೆ ಮೆತ್ತನೆಯ ಮ್ಯಾಕ್ಸ್ ಅಂಟಿಸಿದೆ. ಜೋರಾಗಿ ಹೊಡೆದರೆ 'ದಬ್', ಚೆಂಡಿನಲ್ಲಿ ಜೀವವಿಲ್ಲ. ಅದಕ್ಕಿಂತ ಹೆಚ್ಚಾಗಿ ಮಣಿಕಟ್ಟು ನೋವು. ಪರಿಚಯದ ಸರಾಫರ ತಕ್ಕಡಿಯಲ್ಲಿ ಇಟ್ಟರೆ 193 ಗ್ರಾಂ. ಬ್ಲೇಡಿನ ಮುಖ ಸುಮಾರು 185 ಚದರ ಸೆಂ.ಮೀ., ಅದರ ಮೇಲೆ 0.2 ಮಿ.ಮೀ. ಸ್ಪಾಂಜ್ ಹೆಚ್ಚಾದರೆ ಬದಿಗೆ ಒಂದೂವರೆ-ಎರಡು ಗ್ರಾಂ. ಕಡಿಮೆ ಅನ್ನಿಸುತ್ತದೆ, ಆದರೆ ಎಲ್ಲ ತೂಕವೂ ತಲೆಯ ಕಡೆಗೇ ಸೇರುತ್ತದೆ. ಹಿಡಿ ಹಗುರ, ತಲೆ ಭಾರ. ರ‍್ಯಾಲಿಯ ಐದನೇ ಹೊಡೆತಕ್ಕೆ ಬ್ಯಾಟ್ ತಡವಾಗಿ ಬರುತ್ತಿದ್ದರೆ ಮೊದಲು ತೂಗಿ ನೋಡಿ. ಮೊಗ್ಗು ಹೊರಗಿರುವ ಉದ್ದ ಪಿಂಪಲ್ ರಬ್ಬರಿನ ಲೆಕ್ಕವೇ ಬೇರೆ. ಅದಕ್ಕೆ ಸ್ಪಾಂಜ್ ಇಲ್ಲದಿರುವುದೂ ಒಂದು ಆಯ್ಕೆ.

ಒಂದು ಅಂದಾಜು ಬೇಕೆಂದರೆ: ಐದು ಪದರದ ಆಲ್‌ರೌಂಡಿಗೆ 1.8ರಿಂದ 2.0, ಹೊಸಬರಾದರೆ 1.8. ಆಫ್ ಮೈನಸ್ಸಿಗೆ 2.0. ಏಳು ಪದರಕ್ಕೂ ಒಳಕಾರ್ಬನ್ನಿಗೂ 2.0-2.1, ಗಟ್ಟಿ ಸ್ಪಾಂಜ್. ಹೊರಕಾರ್ಬನ್ನಿಗೆ 2.1 ಮತ್ತು ಮೇಲೆ, ಅದನ್ನು ಆಳಬಲ್ಲ ಕೈಯಿದ್ದರೆ ಮಾತ್ರ. ಇವು ನನ್ನ ಅನುಭವದ ಅಂಕಿಗಳು, ಶಾಸನವಲ್ಲ.

ಕೀಳುವುದು, ಅಂಟಿಸುವುದು

ರಬ್ಬರನ್ನು ಹಿಡಿಯ ಮೂಲೆಯಿಂದ ಓರೆಯಾಗಿ, ನಿಧಾನವಾಗಿ ಎಳೆಯಿರಿ. ಜಗ್ಗಿದರೆ ಮೇಲಿನ ತೆಳು ಮರದ ಎಳೆ ರಬ್ಬರಿನ ಜೊತೆಗೇ ಎದ್ದು ಬರುತ್ತದೆ, ಆಮೇಲೆ ಅತ್ತರೂ ಬಾರದು. ಎದ್ದ ಜಾಗಕ್ಕೆ ನೀರಿನ ವಾರ್ನಿಶ್ ಒಂದು ತೆಳು ಕೈ. ಹಳೇ ಅಂಟನ್ನು ಬೆರಳಿನಿಂದ ಉರುಳಿಸಿ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ನೀವು ಅಳೆದ ದಪ್ಪ ಸುಳ್ಳಾಗುತ್ತದೆ.

ನೀರಿನ ಅಂಟು ಸ್ಪಾಂಜಿಗೆ ಎರಡು ಸಲ, ಬ್ಲೇಡಿಗೆ ಒಂದು ಸಲ. ಬಿಳಿ ಬಣ್ಣ ಹೋಗಿ ಪಾರದರ್ಶಕವಾದ ಮೇಲಷ್ಟೇ ಕೂಡಿಸಬೇಕು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಹಚ್ಚಿದರೆ ಒಂದು ತುದಿಗೆ ಹಚ್ಚುವಷ್ಟರಲ್ಲಿ ಇನ್ನೊಂದು ತುದಿ ಒಣಗಿ ಗಂಟುಕಟ್ಟುತ್ತದೆ. ಬೆಳಗ್ಗೆ ಅಥವಾ ರಾತ್ರಿ, ಫ್ಯಾನ್ ನಿಲ್ಲಿಸಿ. ಒತ್ತಲು ಲಟ್ಟಣಿಗೆ ಸಾಕು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದೇ ಹೆಚ್ಚಾದ್ದರಿಂದ ಲಟ್ಟಣಿಗೆ ಕೈಗೆ ಸಿಗುವುದಿಲ್ಲ, ಗಾಜಿನ ಬಾಟಲಿಯಲ್ಲಿ ಉರುಳಿಸುತ್ತೇನೆ. ರಬ್ಬರನ್ನು ಎಳೆದು ಹಿಗ್ಗಿಸಬೇಡಿ. ಹಿಗ್ಗಿಸಿ ಅಂಟಿಸಿದ್ದು ಎರಡು ವಾರದಲ್ಲಿ ಕುಗ್ಗಿ ಅಂಚಿನಲ್ಲಿ ಮರ ಕಾಣಿಸುತ್ತದೆ. ದಪ್ಪದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟು, ಮರುದಿನ ಬೆಳಗ್ಗೆ ಆರಕ್ಕೆ, ಅದೇ ಜೊತೆಗಾರ, ಅದೇ ಟೇಬಲ್ಲಿನಲ್ಲಿ ಮತ್ತೆ ಅರವತ್ತು ಚೆಂಡು. ಮೊದಲ ದಿನದ ಲೆಕ್ಕ ಬರೆದ ಪುಟದ ಎದುರು ಪುಟದಲ್ಲೇ ಇದನ್ನೂ ಬರೆಯಿರಿ.